ವನಸ್ಪತಿಯ ಚರಿತ್ರೆ

ಅಮರಕೋಶವನ್ನು ಓದಿದವರಿಗೆ ವನಸ್ಪತಿಯೆಂದರೆ ಹೂವು ತೋರದೆಯೇ ಹಣ್ಣು ಬಿಡುವ ವೃಕ್ಷ, ಅತ್ತಿ, ಆಲಗಳಂತಹುದು. ಅಂಗಡಿಯವನಿಗಾದರೋ ಅದು ಡಬ್ಬಿಯೊಳಗಿನ ಬಿಳಿಯ ಕೊಬ್ಬು. ಈ ಎರಡನೆಯ ವನಸ್ಪತಿಯ ಚರಿತ್ರೆ ನೂರಿಪ್ಪತ್ತು ವರ್ಷಗಳಷ್ಟೇ ಹಳೆಯದು. ಆದರೂ, ಊಟದ ವಿಷಯದಲ್ಲಿ ನಾವು ಯಾರ ಮಾತನ್ನು ಯಾವ ಆಧಾರದಿಂದ ನಂಬುತ್ತೇವೆಂಬುದನ್ನು ವಿಚಾರಿಸಲು ಇದಕ್ಕಿಂತ ಯೋಗ್ಯವಾದ ಕಥೆ ನನಗೆ ಕಂಡಿಲ್ಲ.

ದ್ರವರೂಪದ ಎಣ್ಣೆಗೆ ನಿಕ್ಕಲ್ ಲೋಹದ ಸಾನ್ನಿಧ್ಯದಲ್ಲಿ ಜಲಜನಕವನ್ನು ಸೇರಿಸಿ ಗಟ್ಟಿ ಮಾಡುವ ವಿಧಾನಕ್ಕೆ ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ ಎಂಬ ರಸಾಯನಜ್ಞನು 1902ರಲ್ಲಿ ಹಕ್ಕುಪತ್ರ ಪಡೆದನು. 1911ರಲ್ಲಿ ಅಮೆರಿಕದಲ್ಲಿ ಹತ್ತಿಬೀಜದ ಎಣ್ಣೆಯಿಂದಾದ ಕ್ರಿಸ್ಕೊ ಮಾರಾಟಕ್ಕೆ ಬಂದಿತು; 1937ರಲ್ಲಿ ನಮ್ಮ ದೇಶಕ್ಕೆ ಡಾಲ್ಡಾ ಬಂದಿತು. ತುಪ್ಪದ ಬೆಲೆ ಎಟುಕದ ಗೃಹಸ್ಥನಿಗೆ ಅದು ವರವಾಗಿಯೇ ತೋರಿತು. ಲಾಡು, ಚಿರೋಟಿಗಳು ಅದರಲ್ಲಿಯೇ ಆದುವು. ಸರ್ಕಾರದ ಚಿಂತೆಯಾದರೋ ಹೃದಯದ್ದಲ್ಲ, ಕಲಬೆರಕೆಯದು. ವನಸ್ಪತಿಗೆ ನೂರಕ್ಕೆ 5 ಪಾಲು ಎಳ್ಳೆಣ್ಣೆ ಬೆರೆಸಬೇಕೆಂದು ವಿಧಿಸಲಾಯಿತು. ಅದನ್ನು ತುಪ್ಪಕ್ಕೆ ಸೇರಿಸಿದ್ದರೆ ಆಮ್ಲದ ಪರೀಕ್ಷೆಯಲ್ಲಿ ಕೆಂಪು ಬಣ್ಣ ತೋರಿ ಮೋಸ ಬಯಲಾಗುವುದು.

ನಮ್ಮ ತಾಯಿಯವರು ಮಾತ್ರ ಅದನ್ನು ಅಡಿಗೆಮನೆಗೆ ಬಿಡಲಿಲ್ಲ. “ಅಂಗೈಯಲ್ಲಿ ಕರಗದ್ದು ಹೊಟ್ಟೆಯಲ್ಲಿ ಹೇಗೆ ಕರಗೀತು?” ಎನ್ನುವರು. ಆಗತಾನೆ ಉಪಾಧ್ಯಾಯನಾಗಿದ್ದ ನಾನು, ಕೊಬ್ಬೆಲ್ಲ ಒಂದೇ, ಇದು ಹಳೆಯ ಕಾಲದ ಮಡಿವಂತಿಕೆ ಎಂದು ವಾದಿಸಿದೆನು. ಅವರು ನನ್ನೊಡನೆ ವಾದಕ್ಕೆ ನಿಲ್ಲಲಿಲ್ಲ.

ಎಣ್ಣೆಯನ್ನು ಅರೆಬರೆಯಾಗಿ ಗಟ್ಟಿ ಮಾಡುವಾಗ ಅದರ ಕೆಲವು ಅಣುಗಳು ಸಹಜವಾದ ಬಾಗುವಿಕೆಯನ್ನು ಕಳೆದುಕೊಂಡು ನೆಟ್ಟಗಾಗುವುವು. ಇದೇ ಟ್ರಾನ್ಸ್ ಕೊಬ್ಬು. ಮೃತರ ಅಂಗಾಂಶಗಳಲ್ಲಿ ಇದು ಸೇರಿಕೊಂಡಿರುವುದನ್ನು ಅಮೆರಿಕದ ಫ್ರೆಡ್ ಕುಮೆರೋ ಮತ್ತು ಸಹೋದ್ಯೋಗಿಗಳು 1957ರಲ್ಲಿಯೇ ಪ್ರಕಟಿಸಿದರು, ಗಮನಿಸಿದವರು ಕಡಿಮೆ. ನಿರ್ಣಾಯಕವಾದ ಪರೀಕ್ಷೆ ನಡೆದುದು ಹಾಲೆಂಡಿನಲ್ಲಿ. ಮೆನ್ಸಿಂಕ್, ಕಟಾನ್ ಎಂಬ ಇಬ್ಬರು ವಿದ್ವಾಂಸರು 34 ಸ್ತ್ರೀಯರಿಗೂ 25 ಪುರುಷರಿಗೂ ಮೂರು ಬಗೆಯ ಆಹಾರವನ್ನು, ಒಂದೊಂದನ್ನು ಮೂರು ವಾರ, ಕೊಟ್ಟರು. ಮೂರಕ್ಕೂ ವ್ಯತ್ಯಾಸ ಕೊಬ್ಬಿನ ಜಾತಿಯೊಂದರಲ್ಲಿಯೇ. 1990ರಲ್ಲಿ ಪ್ರಕಟವಾದ ಫಲವಿದು: ಆಲಿವ್ ಎಣ್ಣೆಯಲ್ಲಿ ಹೇರಳವಾಗಿರುವ ಕೊಬ್ಬಿಗೆ ಹೋಲಿಸಿದರೆ, ಟ್ರಾನ್ಸ್ ಕೊಬ್ಬಿನಿಂದ ರಕ್ತನಾಳಕ್ಕೆ ಹಾನಿಕರವಾದ ಎಲ್‌ಡಿಎಲ್ ಕೊಲೆಸ್ಟರಾಲು ನೂರು ಮಿಲಿಲೀಟರಿಗೆ 14 ಮಿಲಿಗ್ರಾಮು ಏರಿತು, ಒಳ್ಳೆಯದೆನಿಸಿದ ಎಚ್‌ಡಿಎಲ್ 7 ಮಿಲಿಗ್ರಾಮು ಇಳಿಯಿತು. ಮೂರು ವರ್ಷಗಳ ತರುವಾಯ, ಸುಮಾರು 85 ಸಾವಿರ ಅಮೆರಿಕನ್ ದಾದಿಯರನ್ನು ಎಂಟು ವರ್ಷ ಅನುಸರಿಸಿ ನೋಡಿದ ವಿಲೆಟ್ ಅವರ ತಂಡವು, ಈ ಕೊಬ್ಬನ್ನು ಹೆಚ್ಚು ತಿಂದವರಲ್ಲಿ ಹೃದ್ರೋಗವೂ ಹೆಚ್ಚೆಂದು ತಿಳಿಸಿತು. ಒಂದು ರಕ್ತದ ಸಾಕ್ಷಿ, ಇನ್ನೊಂದು ಬಾಳಿದ ಜನರ ಸಾಕ್ಷಿ. ಎರಡೂ ಕೂಡಿದ ಮೇಲೆ ಸಂಶಯಕ್ಕೆ ಎಡೆ ಉಳಿಯಲಿಲ್ಲ. ಕುಮೆರೋ ತಮ್ಮ 94ನೆಯ ವಯಸ್ಸಿನಲ್ಲಿ ಅಮೆರಿಕದ ಸರ್ಕಾರಕ್ಕೆ ಮನವಿ ಸಲ್ಲಿಸಿ, ನೂರನೆಯ ವಯಸ್ಸಿನಲ್ಲಿ, 2015ರಲ್ಲಿ, ಅನುಕೂಲವಾದ ನಿರ್ಣಯವನ್ನು ಕಂಡರು. ಭಾರತದಲ್ಲಿ 2022ರ ಜನವರಿಯಿಂದ ಎಣ್ಣೆ ಕೊಬ್ಬುಗಳಲ್ಲಿ ಇದು ನೂರಕ್ಕೆ 2 ಪಾಲನ್ನು ಮೀರಕೂಡದೆಂದು ವಿಧಿಯಾಯಿತು.

ಹಾಗಾದರೆ ತಾಯಿಯವರ ಮಾತೇ ಗೆದ್ದಿತಲ್ಲವೆ? ತೀರ್ಪು ಸರಿ, ಹೇತು ಸರಿಯಲ್ಲ. ತಾರ್ಕಿಕರು ಇದನ್ನು ಹೇತ್ವಾಭಾಸವೆನ್ನುವರು. ವನಸ್ಪತಿ ಹೊಟ್ಟೆಯಲ್ಲಿ ಚೆನ್ನಾಗಿಯೇ ಕರಗುತ್ತದೆ. ಇತ್ತೀಚೆಗೆ ಕೆಲವರು ಇದೇ ಕಥೆಯನ್ನು ಹೇಳಿ, ಹಿರಿಯರ ತುಪ್ಪವೇ ಹೃದಯಕ್ಕೆ ಔಷಧವೆಂದು ಸಾರುತ್ತ, ಸೌಟಿನಲ್ಲಿ ಬಡಿಸುವುದುಂಟು. ಅವರು ಹಾಲೆಂಡಿನ ಪರೀಕ್ಷೆಯ ಮೂರನೆಯ ಆಹಾರವನ್ನು ಮರೆತಿರುವರು. ಅದರಲ್ಲಿದ್ದುದು ತುಪ್ಪದಲ್ಲಿಯೂ ಹೇರಳವಾಗಿರುವ ಪರ್ಯಾಪ್ತ ಕೊಬ್ಬು. ಅದರಿಂದ ಎಚ್‌ಡಿಎಲ್ ಇಳಿಯಲಿಲ್ಲ, ನಿಜ. ಎಲ್‌ಡಿಎಲ್ ಮಾತ್ರ 18 ಮಿಲಿಗ್ರಾಮು ಏರಿತು. ಈ ಕಾರಣದಿಂದ ನಮ್ಮ ಮನೆಯಲ್ಲಿ ಈಗ ಒಗ್ಗರಣೆಗೆ ಕಡಲೆಕಾಯಿ ಎಣ್ಣೆ, ಅನ್ನಕ್ಕೆ ಒಂದು ಮಿಳ್ಳೆ ತುಪ್ಪ. ತಾಯಿಯವರು ಇದ್ದಿದ್ದರೆ ಈ ಎರಡನೆಯದನ್ನು ಖಂಡಿತ ಒಪ್ಪುತ್ತಿರಲಿಲ್ಲ.