ಲಘು ಮಿದುಳು ಗಾಯದ ನಂತರದ ಮಾನಸಿಕ ಆರೋಗ್ಯ

ತಲೆಗೆ ಬಿದ್ದ ಪೆಟ್ಟಿನಿಂದ ಮಿದುಳಿನ ಕಾರ್ಯವು ಸ್ವಲ್ಪ ಕಾಲ ಏರುಪೇರಾಗುವುದನ್ನು ಲಘು ಮಿದುಳು ಗಾಯ ಅಥವಾ ಕನ್ಕಷನ್ ಎನ್ನುತ್ತಾರೆ. 1974ರಲ್ಲಿ ರೂಪುಗೊಂಡ ಗ್ಲಾಸ್ಗೋ ಕೋಮಾ ಮಾಪಕದಲ್ಲಿ 13ರಿಂದ 15 ಅಂಕ, 30 ನಿಮಿಷ ಮೀರದ ಪ್ರಜ್ಞಾಹೀನತೆ ಮತ್ತು 24 ಗಂಟೆ ಮೀರದ ಮರೆವು ಇದರ ಸಾಮಾನ್ಯ ಮಾನದಂಡಗಳು. ಪ್ರಜ್ಞೆ ತಪ್ಪಲೇಬೇಕೆಂದಿಲ್ಲ. ‘ಲಘು’ ಎಂಬ ವಿಶೇಷಣವು ಪೆಟ್ಟು ಬಿದ್ದ ಹೊತ್ತಿನ ಸ್ಥಿತಿಗೆ ಮಾತ್ರ ಸಂಬಂಧಿಸಿದ್ದು, ಮುಂದಿನ ತಿಂಗಳುಗಳ ತೊಂದರೆಯನ್ನು ಅದು ಅಳೆಯುವುದಿಲ್ಲ.

ಲಕ್ಷಣಗಳು

ತಲೆನೋವು, ತಲೆಸುತ್ತು, ಬೇಗ ದಣಿವು, ನಿದ್ರಾಭಂಗ, ಬೆಳಕು ಮತ್ತು ಸದ್ದನ್ನು ಸಹಿಸಲಾಗದಿರುವುದು, ಏಕಾಗ್ರತೆಯ ಕೊರತೆ ಸಾಮಾನ್ಯವಾಗಿ ಕಾಣುತ್ತವೆ. ಇವುಗಳ ಜೊತೆಗೆ ಸಿಡುಕು, ಆತಂಕ, ಖಿನ್ನತೆ ಹಾಗೂ ಅಪಘಾತದ ನೆನಪು ಮರುಕಳಿಸುವ ಆಘಾತೋತ್ತರ ಒತ್ತಡವೂ ಬರಬಹುದು. ಹೆಚ್ಚಿನವರು ಮೂರು ತಿಂಗಳೊಳಗೆ ಚೇತರಿಸಿಕೊಳ್ಳುತ್ತಾರೆ. ಹಿಂದೆಯೇ ಮಾನಸಿಕ ತೊಂದರೆ ಇದ್ದವರಲ್ಲಿ ಲಕ್ಷಣಗಳು ದೀರ್ಘಕಾಲ ಉಳಿಯುವ ಸಂಭವ ಹೆಚ್ಚು. 2019ರಲ್ಲಿ ಪ್ರಕಟವಾದ ಅಮೆರಿಕದ ಟ್ರ್ಯಾಕ್-ಟಿಬಿಐ ಅಧ್ಯಯನದಲ್ಲಿ, ಗಾಯವಾಗಿ ಆರು ತಿಂಗಳಾದಾಗ ಲಘು ಮಿದುಳು ಗಾಯಗೊಂಡವರಲ್ಲಿ ಸುಮಾರು ಶೇ. 21ರಷ್ಟು ಮಂದಿಗೆ ಖಿನ್ನತೆ ಅಥವಾ ಆಘಾತೋತ್ತರ ಒತ್ತಡದ ಲಕ್ಷಣಗಳಿದ್ದವು. ತಲೆಗೆ ಪೆಟ್ಟಾಗದೆ ಕೈಕಾಲು ಮುಂತಾದೆಡೆ ಗಾಯಗೊಂಡವರಲ್ಲಿ ಈ ಪ್ರಮಾಣ ಸುಮಾರು ಶೇ. 12.

ಸಿ.ಟಿ. ಸ್ಕ್ಯಾನ್ ರಕ್ತಸ್ರಾವವನ್ನೂ ಮೂಳೆ ಬಿರುಕನ್ನೂ ತೋರಿಸುತ್ತದೆ, ನರಕೋಶಗಳ ಕಾರ್ಯದ ಏರುಪೇರನ್ನಲ್ಲ. ಆದ್ದರಿಂದ ವರದಿಯಲ್ಲಿ ‘ಸಹಜ’ ಎಂದಿದ್ದರೂ ತೊಂದರೆ ನಿಜವಾಗಿಯೇ ಇರಬಹುದು. ರೋಗಿಯು ಸೋಮಾರಿಯೆಂದೋ ನಟಿಸುತ್ತಿದ್ದಾನೆಂದೋ ಮನೆಯವರೂ ಮಾಲೀಕರೂ ಭಾವಿಸುವುದು ಇಲ್ಲಿಂದಲೇ, ಮತ್ತು ಆ ಅಪನಂಬಿಕೆ ಖಿನ್ನತೆಯನ್ನು ಹೆಚ್ಚಿಸುತ್ತದೆ.

ಕೆ.ಜಿ.ಎಫ್. ಮತ್ತು ಬಂಗಾರಪೇಟೆ

ಕೋಲಾರ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ಇಲ್ಲಿನ ಸಾವಿರಾರು ಮಂದಿ ಮಾರಿಕುಪ್ಪಂ–ಬಂಗಾರಪೇಟೆ ಮಾರ್ಗದ ರೈಲಿನಲ್ಲಿ ದಿನವೂ ಬೆಂಗಳೂರಿಗೆ ದುಡಿಯಲು ಹೋಗುವಂತಾಯಿತು. ಮುಂಜಾನೆಯೇ ಏಳುವುದು, ಕಿಕ್ಕಿರಿದ ಬೋಗಿ, ಸದ್ದು: ಪೆಟ್ಟು ಬಿದ್ದ ಮಿದುಳಿಗೆ ಸಹಿಸಲಾಗದ್ದೆಲ್ಲ ಈ ದಿನಚರಿಯಲ್ಲಿದೆ. ರಜೆ ಹಾಕಿದರೆ ಕೂಲಿ ಇಲ್ಲದವರಿಗೆ ‘ನಿಧಾನವಾಗಿ ಕೆಲಸಕ್ಕೆ ಮರಳಿ’ ಎಂಬ ವೈದ್ಯರ ಸಲಹೆ ಪಾಲಿಸುವುದು ಸುಲಭವಲ್ಲ.

ಇನ್ನೊಂದು ಸಂಗತಿ ಭಾಷೆಯದು. ಕೆ.ಜಿ.ಎಫ್.ನಲ್ಲಿ ತಮಿಳು, ತೆಲುಗು, ಕನ್ನಡ ಬೆರೆತಿವೆ. ನೆನಪು ಮತ್ತು ಗಮನದ ಪರೀಕ್ಷೆಯನ್ನು ರೋಗಿಗೆ ಸಲೀಸಲ್ಲದ ಭಾಷೆಯಲ್ಲಿ ಮಾಡಿದರೆ ಫಲಿತಾಂಶ ತಪ್ಪು ದಾರಿ ಹಿಡಿಸಬಹುದು. ಇಂಥ ಪರೀಕ್ಷೆಗಳಿಗೆ ಭಾರತೀಯ ಮಾನದಂಡಗಳನ್ನು ಒದಗಿಸುವ ಪರೀಕ್ಷಾ ಮಾಲೆಯನ್ನು ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಹೊರತಂದಿತು. ನಿಮ್ಹಾನ್ಸ್ ಸಹಯೋಗದಲ್ಲಿ 2022ರಲ್ಲಿ ಆರಂಭವಾದ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮದ ಮೊದಲ ಜಿಲ್ಲೆಗಳಲ್ಲಿ ಕೋಲಾರವೂ ಒಂದು.

ಚಿಕಿತ್ಸೆ

ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸುವ ಹಳೆಯ ಸಲಹೆಯನ್ನು ಈಗ ಕೈಬಿಡಲಾಗಿದೆ. ಒಂದೆರಡು ದಿನದ ವಿಶ್ರಾಂತಿಯ ನಂತರ ಚಟುವಟಿಕೆಯನ್ನು ಹಂತಹಂತವಾಗಿ ಹೆಚ್ಚಿಸಬೇಕು, ಮದ್ಯಪಾನ ಬಿಡಬೇಕು. ಏನಾಗಿದೆ, ಎಷ್ಟು ದಿನ ಇರಬಹುದು ಎಂಬುದನ್ನು ರೋಗಿಗೂ ಕುಟುಂಬಕ್ಕೂ ಆರಂಭದಲ್ಲೇ ವಿವರಿಸುವುದು ಚಿಕಿತ್ಸೆಯ ಮುಖ್ಯ ಭಾಗ. ಖಿನ್ನತೆ ಅಥವಾ ಆತಂಕ ಉಳಿದರೆ ಆಪ್ತಸಮಾಲೋಚನೆ, ಅರಿವಿನ ವರ್ತನಾ ಚಿಕಿತ್ಸೆ ಮತ್ತು ಅಗತ್ಯವಿದ್ದಲ್ಲಿ ಔಷಧಿ ನೀಡಲಾಗುತ್ತದೆ. ಪದೇಪದೇ ವಾಂತಿ, ಹೆಚ್ಚುತ್ತಿರುವ ತಲೆನೋವು, ಸೆಳವು ಅಥವಾ ಎಬ್ಬಿಸಲಾಗದ ಮಂಪರು ಕಂಡರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಆತ್ಮಹತ್ಯೆಯ ಯೋಚನೆ ಬಂದವರು ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಬಹುದು.