ಕಡೂರಿನ ಹುಡುಗಿ, ಭದ್ರಾವತಿಯ ಹುಡುಗ, ಮತ್ತೆ ನಾವು ತಪ್ಪಿಸಿಕೊಂಡ ಬಸ್ಸು

1/7

ಫೋಟೋದಲ್ಲಿರೋದು ನಾಟಿಗೆ ಹದ ಮಾಡಿದ ಗದ್ದೆ ಅಲ್ಲ ಮಾರಾಯ್ರೆ, ಮೈದಾನ! ಆಗಸ್ಟ್ ತಿಂಗಳಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಲ್ಲಿಗೆ ಹೋದ್ರೂ ತಾಲ್ಲೂಕು ಕ್ರೀಡಾಕೂಟದ ಮೈದಾನ ಹೀಗೇ ಇರುತ್ತೆ. ಸುಣ್ಣದಲ್ಲಿ ಎಳೆದ ಟ್ರ್ಯಾಕಿನ ಗೆರೆ ಎರಡನೇ ಓಟ ಮುಗಿಯೋದ್ರೊಳಗೆ ತೊಳೆದುಹೋಗಿರುತ್ತೆ. ಆಮೇಲೆ ಅಂದಾಜಿನ ಮೇಲೆ ಓಡೋದು.

ಮೊನ್ನೆ ನಮ್ಮ ಕ್ಲಾಸ್ ಗ್ರೂಪಿಗೆ ಒಬ್ಬ ರಗ್ಬಿ ರೀಲ್ ಕಳಿಸಿದ್ದ. ದೈತ್ಯರಂತಹ ಆಟಗಾರರು ಕೆಸರಲ್ಲಿ ಬಿದ್ದು ಎದ್ದು ಡಿಕ್ಕಿ ಹೊಡೀತಿದ್ದಾರೆ, ಹಿಂದೆ ಜೋರು ಮ್ಯೂಸಿಕ್ಕು, ಮೇಲೆ ದೊಡ್ಡ ಅಕ್ಷರದಲ್ಲಿ "ಮೈಂಡ್‌ಸೆಟ್". ರಗ್ಬಿ ಗೊತ್ತಿಲ್ಲದವರಿಗೆ ಒಂದೇ ಮಾತಲ್ಲಿ ಹೇಳೋದಾದ್ರೆ, ನಮ್ಮ ಕೆಸರುಗದ್ದೆ ಓಟಕ್ಕೆ ಕಬಡ್ಡಿ ಸೇರಿಸಿ, ಕೈಗೊಂದು ಮೊಟ್ಟೆಯಾಕಾರದ ಚೆಂಡು ಕೊಟ್ಟ ಹಾಗೆ.

ರೀಲ್ ಚೆನ್ನಾಗೇ ಇತ್ತು. ಆದ್ರೆ ನೋಡಿದ ಮೇಲೆ ಒಂದು ಪ್ರಶ್ನೆ ತಲೇಲಿ ಕೂತುಬಿಡ್ತು. ಈ "ಮೈಂಡ್‌ಸೆಟ್" ಅನ್ನೋದು ಎಲ್ಲಿಂದ ಬರುತ್ತೆ? ಒಬ್ಬರ ತಲೆಯೊಳಗೆ ತಾನಾಗೇ ಹುಟ್ಟುತ್ತಾ?

ಇಷ್ಟು ದಿನ ಈ ಸರಣೀಲಿ ಊರಿನ ಹೆಸರು, ಹಳೇ ರಸ್ತೆ ಅಂತ ಬರೀತಿದ್ದೆ. ಈ ಸಲ ಆಟಗಾರರ ಇತಿಹಾಸ. ದೂರದವರಲ್ಲ, ನಮ್ಮ ಅಕ್ಕಪಕ್ಕದವರೇ. ಕೊನೇಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಪೂರ್ತಿ ಓದಿ.

2/7

ಮೊದಲು ಭದ್ರಾವತಿ. ನರಸಿಂಹರಾಜಪುರದ ಹತ್ರ ನಿಂತು ನೋಡೋ ಭದ್ರಾ ಹಿನ್ನೀರಿದೆಯಲ್ಲ, ಅದೇ ನೀರು ಅಣೆಕಟ್ಟು ದಾಟಿ ಹರಿಯೋದು ಭದ್ರಾವತಿಗೆ. 1949ರ ಫೆಬ್ರವರಿ 12ರಂದು ಆ ಊರಲ್ಲಿ ಹುಟ್ಟಿದವರು ಗುಂಡಪ್ಪ ವಿಶ್ವನಾಥ್. ಆಟ ಬೆಳೆದಿದ್ದು ಬೆಂಗಳೂರಲ್ಲಿ. ಆಳು ಗಿಡ್ಡ, ಮಾತು ಮೆದು. 1967ರಲ್ಲಿ ಆಗಿನ ಮೈಸೂರು ತಂಡದ ಪರ ಮೊದಲ ರಣಜಿ ಪಂದ್ಯದಲ್ಲೇ 230 ರನ್ ಹೊಡೆದ್ರು.

1969ರ ನವೆಂಬರ್, ಕಾನ್ಪುರ, ಎದುರಾಳಿ ಆಸ್ಟ್ರೇಲಿಯಾ. ವಿಶ್ವನಾಥ್‌ಗೆ ಜೀವನದ ಮೊದಲ ಟೆಸ್ಟ್. ಮೊದಲ ಇನಿಂಗ್ಸಲ್ಲಿ ಸೊನ್ನೆ! ಇಪ್ಪತ್ತು ವರ್ಷದ ಹುಡುಗ, ಇಡೀ ದೇಶ ನೋಡ್ತಿದೆ, ಸೊನ್ನೆಗೆ ಔಟಾಗಿ ಪೆವಿಲಿಯನ್‌ಗೆ ನಡ್ಕೊಂಡು ಬರಬೇಕು. ಎರಡನೇ ಇನಿಂಗ್ಸಲ್ಲಿ ಅದೇ ಹುಡುಗ 137 ಹೊಡೆದ.

ರೀಲ್ ಆಗಿದ್ರೆ ಇಲ್ಲಿಗೆ ಮುಗೀತಿತ್ತು. "ಸೊನ್ನೆಯಿಂದ ಶತಕ, ಛಲ ಬಿಡಬೇಡಿ". ಆದ್ರೆ ನಡುವೆ ಇನ್ನೊಂದು ಸಂಗತಿ ಇದೆ. ಆ ಸೊನ್ನೆ ಆದ್ಮೇಲೆ ಕ್ಯಾಪ್ಟನ್ ಪಟೌಡಿ ಬಂದು ಧೈರ್ಯ ತುಂಬಿದ್ರು ಅಂತ ವಿಶ್ವನಾಥ್ ಅವರೇ ಮುಂದೆ ನೆನಪು ಮಾಡ್ಕೊಂಡಿದ್ದಾರೆ. 137 ರನ್ ವಿಶ್ವನಾಥ್ ಅವರ ಬ್ಯಾಟಿಂದ ಬಂದಿದ್ದು ನಿಜ. ಆದ್ರೆ ಆ ಹೊತ್ತಲ್ಲಿ ಪಕ್ಕದಲ್ಲೊಬ್ಬರು ಇದ್ರು ಅನ್ನೋದೂ ಅಷ್ಟೇ ನಿಜ.

ಇನ್ನೊಂದು ಘಟನೆ, 1980ರ ಫೆಬ್ರವರಿ, ಮುಂಬೈ, ಇಂಗ್ಲೆಂಡ್ ವಿರುದ್ಧ ಸುವರ್ಣ ಮಹೋತ್ಸವ ಟೆಸ್ಟ್. ವಿಶ್ವನಾಥ್ ಕ್ಯಾಪ್ಟನ್. ಇಂಗ್ಲೆಂಡಿನ 5 ವಿಕೆಟ್ 58ಕ್ಕೇ ಬಿದ್ದಿತ್ತು. ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ರು. ಚೆಂಡು ಬ್ಯಾಟಿಗೆ ತಾಗಿಲ್ಲ ಅಂತ ಅನ್ನಿಸಿದ್ದಕ್ಕೆ ವಿಶ್ವನಾಥ್ ಅವರನ್ನ ವಾಪಸ್ ಕರೆದ್ರು. ಆಮೇಲೆ ಟೇಲರ್, ಬೋಥಮ್ ಸೇರಿ 171 ರನ್ ಜೊತೆಯಾಟ ಆಡಿದ್ರು, ಭಾರತ 10 ವಿಕೆಟ್‌ನಿಂದ ಸೋತಿತು. ಆ ಪಂದ್ಯ ಸೋತ ಕ್ಯಾಪ್ಟನ್‌ನ ಜನ ಇವತ್ತಿಗೂ ಗೌರವದಿಂದ ನೆನೀತಾರೆ. ಇದೂ ಒಂದು ಮೈಂಡ್‌ಸೆಟ್ಟೇ ತಾನೇ?

3/7

ಈಗ ಹುಡುಗೀರ ಇತಿಹಾಸ. ಇದು ನಮ್ಮ ಪಠ್ಯಪುಸ್ತಕದಲ್ಲಿ ಇಲ್ಲ.

ಭಾರತದ ಮಹಿಳಾ ಕ್ರಿಕೆಟ್ ತಂಡದ ಮೊದಲ ಟೆಸ್ಟ್ ಕ್ಯಾಪ್ಟನ್ ಶಾಂತಾ ರಂಗಸ್ವಾಮಿ. ಕರ್ನಾಟಕದ ಪರ ಆಡಿದವರು. 1976ರಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಪಟ್ನಾದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ಸಿಕ್ಕಿದ್ದು ಇವರ ನಾಯಕತ್ವದಲ್ಲೇ. ಅದೇ ವರ್ಷ ಅರ್ಜುನ ಪ್ರಶಸ್ತಿ ಬಂತು. ಆ ಪ್ರಶಸ್ತಿ ಪಡೆದ ಮೊದಲ ಮಹಿಳಾ ಕ್ರಿಕೆಟರ್ ಅವರು. ಮರುವರ್ಷ ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 108 ರನ್ ಹೊಡೆದು, ಭಾರತದ ಪರ ಟೆಸ್ಟ್ ಶತಕ ಬಾರಿಸಿದ ಮೊದಲ ಮಹಿಳೆಯೂ ಆದ್ರು.

ಇಷ್ಟೆಲ್ಲ ಸಾಧನೆ ಮಾಡಿದವರು ಪ್ರಯಾಣ ಹೇಗೆ ಮಾಡ್ತಿದ್ರು ಗೊತ್ತಾ? ರಿಸರ್ವೇಶನ್ ಇಲ್ಲದ ರೈಲು ಬೋಗಿಯಲ್ಲಿ. ಊರಿಗೆ ಹೋದ್ಮೇಲೆ ಡಾರ್ಮಿಟರಿ ನೆಲದ ಮೇಲೆ ಮಲಗೋದು, ಹಾಸಿಗೆ ಹೊದಿಕೆನೂ ತಾವೇ ಹೊತ್ಕೊಂಡು ಹೋಗೋದು. ಮಹಿಳಾ ಕ್ರಿಕೆಟ್ ಬಿಸಿಸಿಐ ಕೈಗೆ ಬಂದಿದ್ದೇ 2006ರಲ್ಲಿ. ಅಂದ್ರೆ ಪಟ್ನಾದ ಗೆಲುವು ಆಗಿ ಮೂವತ್ತು ವರ್ಷದ ಮೇಲೆ!

ಈ 2006 ಅನ್ನೋ ಇಸವಿ ನೆನಪಿಟ್ಕೊಳ್ಳಿ. ಮುಂದಿನ ಕಥೆಗೆ ಬೇಕು.

4/7

ಬೆಂಗಳೂರು ಕಡೆ ರೈಲು ಹತ್ತೋಕೆ ಕಡೂರು ಸ್ಟೇಷನ್ನಿಗೆ ಹೋಗಿರ್ತೀರಲ್ಲ? 1947ರ ತನಕ ನಮ್ಮ ಇಡೀ ಜಿಲ್ಲೆಗೇ ಕಡೂರು ಜಿಲ್ಲೆ ಅಂತ ಹೆಸರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಲ್ಲ ಅದರೊಳಗೇ. ನಮಗೆ ಮಳೆ ಜಾಸ್ತಿ, ಅವರಿಗೆ ಬಿಸಿಲು ಜಾಸ್ತಿ, ಅಷ್ಟೇ ವ್ಯತ್ಯಾಸ. ಹಾಗಾಗಿ ಕಡೂರಿನವರನ್ನ "ನಮ್ಮವರು" ಅನ್ನೋಕೆ ನಮಗೆ ಪೂರ್ತಿ ಹಕ್ಕಿದೆ.

ವೇದಾ ಕೃಷ್ಣಮೂರ್ತಿ ಕಡೂರಿನವರು. ಹುಟ್ಟಿದ್ದು 1992ರ ಅಕ್ಟೋಬರ್ 16. ಮನೇಲಿ ಎಲ್ಲರಿಗಿಂತ ಚಿಕ್ಕವರು. ಸಣ್ಣವರಿದ್ದಾಗ ಕರಾಟೆ ಕಲಿತು ಬ್ಲ್ಯಾಕ್ ಬೆಲ್ಟ್ ತಗೊಂಡ್ರು. ಆದ್ರೆ ಮನಸ್ಸೆಲ್ಲ ಬೀದಿ ಕ್ರಿಕೆಟ್ ಮೇಲೆ, ಹುಡುಗರ ಜೊತೆ ಆಟ. 2005ರಲ್ಲಿ ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಕ್ರಿಕೆಟ್ ಸೇರಿದ್ರು, ಕೋಚ್ ಇರ್ಫಾನ್ ಸೇಠ್.

ಇಸವಿ ನೋಡಿದ್ರಾ? 2005! ಮಹಿಳಾ ಕ್ರಿಕೆಟ್ ಇನ್ನೂ ಬಿಸಿಸಿಐ ಕೈಗೆ ಬಂದಿರಲಿಲ್ಲ. ಡಬ್ಲ್ಯುಪಿಎಲ್ ಅನ್ನೋ ಪದವೇ ಇರಲಿಲ್ಲ. ಟಿವಿಯಲ್ಲಿ ಹೆಣ್ಮಕ್ಕಳ ಪಂದ್ಯ ಬರೋದೇ ಅಪರೂಪ. ಕಡೂರಿನಂಥ ಊರಲ್ಲಿ ಆ ಕಾಲದಲ್ಲಿ ಒಂದು ಹುಡುಗಿಯನ್ನ ಕ್ರಿಕೆಟ್ಟಿಗೆ ಅಂತ ಬೆಂಗಳೂರಿಗೆ ಕಳಿಸೋದು ಅಂದ್ರೆ, ಮನೆಯವರಿಗೆ ಎಷ್ಟು ಧೈರ್ಯ ಬೇಕು ಯೋಚನೆ ಮಾಡಿ. ಹನ್ನೆರಡು ಹದಿಮೂರು ವರ್ಷದ ಮಗುವಿಗೆ ಆಸೆ ಇರಬಹುದು, ಟಿಕೆಟ್ ತೆಗೆಸೋರು ದೊಡ್ಡವರೇ ತಾನೇ?

2011ರ ಜೂನ್ 30, ಇಂಗ್ಲೆಂಡಿನ ಡರ್ಬಿ. ಹದಿನೆಂಟು ವರ್ಷದ ವೇದಾಗೆ ಮೊದಲ ಏಕದಿನ ಪಂದ್ಯ. 51 ರನ್!

ಆರು ವರ್ಷ ಆದ್ಮೇಲೆ ಅದೇ ಡರ್ಬಿ, 2017ರ ವಿಶ್ವಕಪ್. ನ್ಯೂಜಿಲೆಂಡ್ ವಿರುದ್ಧ ಸೋತ್ರೆ ಮನೆಗೆ. ಮಿಥಾಲಿ ರಾಜ್ 109, ವೇದಾ 45 ಎಸೆತಕ್ಕೆ 70. ಆಮೇಲೆ ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ 15 ರನ್ ಕೊಟ್ಟು 5 ವಿಕೆಟ್ ತೆಗೆದ್ರು. ನ್ಯೂಜಿಲೆಂಡ್ 79ಕ್ಕೆ ಆಲೌಟ್. ಆವತ್ತು ಕರ್ನಾಟಕದ ಇಬ್ಬರು ಹುಡುಗೀರು ಸೇರಿ ಭಾರತವನ್ನ ಸೆಮಿಫೈನಲ್‌ಗೆ ದಾಟಿಸಿದ್ರು.

5/7

2017ರ ಜುಲೈ 23, ಲಾರ್ಡ್ಸ್, ಫೈನಲ್. ಇಂಗ್ಲೆಂಡ್ 228. ಭಾರತ 3 ವಿಕೆಟ್‌ಗೆ 191. ಇನ್ನು ಬೇಕಿದ್ದಿದ್ದು 38 ರನ್, ಕೈಯಲ್ಲಿ 7 ವಿಕೆಟ್. ಗೆದ್ದೇಬಿಟ್ವಿ ಅಂತ ಎಲ್ಲರೂ ಎದ್ದು ನಿಂತಿದ್ದ ಹೊತ್ತು.

28 ರನ್ ಅಂತರದಲ್ಲಿ ಏಳೂ ವಿಕೆಟ್ ಹೋಯ್ತು. ಆನ್ಯಾ ಶ್ರಬ್‌ಸೋಲ್ 46 ರನ್‌ಗೆ 6 ವಿಕೆಟ್. ವೇದಾ 34 ಎಸೆತಕ್ಕೆ 35 ಹೊಡೆದು ಔಟಾದ್ರು. ಸೋಲಿನ ಅಂತರ 9 ರನ್.

ಆ ದಿನ ಎಷ್ಟೋ ಜನ "ಒತ್ತಡ ತಡ್ಕೊಳ್ಳೋ ಮೈಂಡ್‌ಸೆಟ್ ಇಲ್ಲ" ಅಂತ ಸುಲಭವಾಗಿ ಹೇಳಿಬಿಟ್ರು. ಹಾಗಾದ್ರೆ ಗೆದ್ದವರಿಗೆ ಮನಸ್ಸು ಗಟ್ಟಿ ಇರುತ್ತಾ?

ಇಲ್ಲಿಗೆ ಒಬ್ಬ ರಗ್ಬಿ ಆಟಗಾರನ ಕಥೆ ತರ್ತೀನಿ. 2003ರ ನವೆಂಬರ್ 22, ಸಿಡ್ನಿ. ರಗ್ಬಿ ವಿಶ್ವಕಪ್ ಫೈನಲ್, ಇಂಗ್ಲೆಂಡ್ ಮತ್ತೆ ಆಸ್ಟ್ರೇಲಿಯಾ, ಹೆಚ್ಚುವರಿ ಸಮಯ, ಸ್ಕೋರ್ 17–17. ಆಟ ಮುಗಿಯೋಕೆ ಅರ್ಧ ನಿಮಿಷವೂ ಇಲ್ಲ. ಜಾನಿ ವಿಲ್ಕಿನ್ಸನ್ ಎಡಗಾಲಿನ ಆಟಗಾರ. ಆವತ್ತು ಬಲಗಾಲಲ್ಲಿ ಒದ್ದ ಚೆಂಡು ಕಂಬಗಳ ನಡುವೆ ಹೋಯ್ತು. 20–17, ಇಂಗ್ಲೆಂಡ್ ವಿಶ್ವಚಾಂಪಿಯನ್. ವಯಸ್ಸು 24.

ಆಮೇಲೆ? ಒಂದರ ಮೇಲೊಂದು ಗಾಯ. ಆ ಫೈನಲ್ ಆದ್ಮೇಲೆ ಇಂಗ್ಲೆಂಡ್ ಪರ ಮತ್ತೆ ಆಡೋಕೆ ಅವರಿಗೆ ಮೂರು ವರ್ಷಕ್ಕೂ ಹೆಚ್ಚು ಬೇಕಾಯ್ತು, 2007ರ ಫೆಬ್ರವರಿ ತನಕ. ಅದಕ್ಕಿಂತ ದೊಡ್ಡ ವಿಷಯ ಅಂದ್ರೆ, ಗೆದ್ದ ಖುಷಿ ಬಹಳ ಬೇಗ ಕರಗಿಹೋಯ್ತು, ವರ್ಷಗಟ್ಟಲೆ ಆತಂಕ ಕಾಡ್ತು ಅಂತ ಅವರೇ ಬಹಿರಂಗವಾಗಿ ಹೇಳ್ಕೊಂಡಿದ್ದಾರೆ. ರೀಲಲ್ಲಿ ಆ ಬಲಗಾಲಿನ ಒದೆತ ಮಾತ್ರ ಇರುತ್ತೆ. ಆಮೇಲಿನ ಮೂರು ವರ್ಷ ಇರೋದಿಲ್ಲ.

ಸೋತವರ ಮನಸ್ಸು ದುರ್ಬಲ, ಗೆದ್ದವರ ಮನಸ್ಸು ಬಂಡೆ ಅನ್ನೋ ಲೆಕ್ಕ ಇಲ್ಲಿಗೇ ತಪ್ಪಾಯ್ತು.

6/7

ಇದನ್ನ ಬರೆಯೋದು ಕಷ್ಟ.

2021ರ ಏಪ್ರಿಲ್, ಮೇ. ಕೊರೊನಾ ಎರಡನೇ ಅಲೆ. ನಮ್ಮೂರುಗಳಲ್ಲೂ ಆಂಬುಲೆನ್ಸ್ ಸದ್ದು ಕೇಳಿದ್ರೆ ಎದೆ ಧಸಕ್ ಅಂತಿತ್ತು, ನೆನಪಿದೆಯಲ್ಲ? ವೇದಾ ಅವರ ತಾಯಿ ಏಪ್ರಿಲ್ ಕೊನೆಯಲ್ಲಿ ತೀರಿಕೊಂಡ್ರು. ಎರಡು ವಾರದೊಳಗೆ ಅಕ್ಕನೂ ಹೋದ್ರು.

ಅದೇ ಸಮಯಕ್ಕೆ ಇಂಗ್ಲೆಂಡ್ ಪ್ರವಾಸದ ತಂಡ ಪ್ರಕಟವಾಯ್ತು. ವೇದಾ ಹೆಸರು ಇರಲಿಲ್ಲ. ತಂಡದಲ್ಲಿ ಇಲ್ಲ ಅನ್ನೋದು ಒಂದು ಕಡೆ, ಇಂಥ ಹೊತ್ತಲ್ಲಿ ಅವರನ್ನ ಯಾರಾದ್ರೂ ಮಾತಾಡಿಸಿದ್ರಾ ಅನ್ನೋ ಪ್ರಶ್ನೆ ಇನ್ನೊಂದು ಕಡೆ. ಆಸ್ಟ್ರೇಲಿಯಾದ ಮಾಜಿ ಕ್ಯಾಪ್ಟನ್ ಲೀಸಾ ಸ್ಥಳೇಕರ್ ಈ ಪ್ರಶ್ನೆಯನ್ನ ಎಲ್ಲರ ಎದುರಿಗೇ ಎತ್ತಿದ್ರು. ಆಮೇಲೆ ಮಂಡಳಿಯಿಂದ ಫೋನ್ ಹೋಯ್ತು.

ಒಳಗೆ ಪೂರ್ತಿ ಕುಸಿದಿದ್ದೆ ಅನ್ನೋದನ್ನ ವೇದಾ ಮುಚ್ಚಿಡಲಿಲ್ಲ. "ನಾನು ಗಟ್ಟಿ, ನನಗೇನೂ ಆಗಿಲ್ಲ" ಅನ್ನೋ ನಾಟಕ ಆಡಲಿಲ್ಲ. ನನಗೆ ಅವರ 70 ರನ್ನಿಗಿಂತ ಇದೇ ದೊಡ್ಡದಾಗಿ ಕಾಣ್ಸುತ್ತೆ. ಆಮೇಲೆ ಮತ್ತೆ ಬ್ಯಾಟ್ ಹಿಡಿದ್ರು, ಕರ್ನಾಟಕಕ್ಕೆ ಆಡಿದ್ರು, 2024ರಲ್ಲಿ ಡಬ್ಲ್ಯುಪಿಎಲ್‌ನಲ್ಲೂ ಆಡಿದ್ರು. ಭಾರತದ ಜರ್ಸಿ ಮಾತ್ರ ಮತ್ತೆ ಸಿಗಲಿಲ್ಲ. 2020ರ ಮಾರ್ಚ್ 8ರಂದು ಮೆಲ್ಬರ್ನ್‌ನಲ್ಲಿ 86,174 ಜನರ ಎದುರು ಆಡಿದ ಟಿ20 ವಿಶ್ವಕಪ್ ಫೈನಲ್ಲೇ ಭಾರತದ ಪರ ಅವರ ಕೊನೇ ಪಂದ್ಯ. 48 ಏಕದಿನ, 76 ಟಿ20. 2025ರ ಜುಲೈಯಲ್ಲಿ ನಿವೃತ್ತಿ.

ನಿವೃತ್ತಿಯಾಗಿ ನಾಲ್ಕು ತಿಂಗಳೂ ಆಗಿರಲಿಲ್ಲ. 2025ರ ನವೆಂಬರ್ 2, ನವಿ ಮುಂಬೈ. ಭಾರತದ ಹುಡುಗೀರು ದಕ್ಷಿಣ ಆಫ್ರಿಕಾವನ್ನ 52 ರನ್‌ಗಳಿಂದ ಸೋಲಿಸಿ ವಿಶ್ವಕಪ್ ಗೆದ್ರು. ಗೆದ್ದವರು ಕಪ್ಪನ್ನ ತಗೊಂಡು ಹೋಗಿ ಮಿಥಾಲಿ ರಾಜ್, ಜೂಲನ್ ಗೋಸ್ವಾಮಿ ಕೈಗೆ ಕೊಟ್ರು. 9 ರನ್ನಿಂದ ಸೋತ ಆ ತಂಡದವರ ಕೈಗೆ! ಯಾರು ದಾರಿ ಮಾಡಿದ್ರು ಅನ್ನೋದು ಗೆದ್ದವರಿಗೆ ಗೊತ್ತಿತ್ತು.

7/7

ಈಗ ನನ್ನ ತಪ್ಪೊಪ್ಪಿಗೆ.

ಹೈಸ್ಕೂಲಲ್ಲಿ ನಮ್ಮ ಬ್ಯಾಚಲ್ಲಿ ಒಬ್ಳು ಇದ್ಳು. ಹೆಸರು ಬೇಡ. ತಾಲ್ಲೂಕು ಕ್ರೀಡಾಕೂಟದ 800 ಮೀಟರ್ ಓಟ, ಮಳೆ, ಬರಿಗಾಲು, ಫಸ್ಟ್. ಎರಡನೆಯವಳು ಎಲ್ಲೋ ಹಿಂದೆ ಇದ್ಳು. ಮುಂದಿನದು ಜಿಲ್ಲಾ ಮಟ್ಟ, ಚಿಕ್ಕಮಗಳೂರಲ್ಲಿ.

ಹೋಗಬೇಕಂದ್ರೆ ಬೆಳಗಿನ ಜಾವ ಕತ್ತಲಲ್ಲೇ ಬಸ್ ಹಿಡೀಬೇಕು. ಬಾಳೆಹೊನ್ನೂರು, ಆಲ್ದೂರು ದಾಟಿ ಘಟ್ಟದ ತಿರುವುಗಳಲ್ಲಿ ಮೂರು ಗಂಟೆ. ಅವಳ ಅಪ್ಪ ತೋಟಕ್ಕೆ ಎರಡನೇ ಔಷಧಿ ಹೊಡೆಯೋ ಗಡಿಬಿಡೀಲಿದ್ರು. ಅಮ್ಮ ಗದ್ದೆ ಕೆಲಸಕ್ಕೆ ಹೋಗ್ತಿದ್ರು, ಒಂದು ದಿನ ಬಿಟ್ರೆ ಒಂದು ದಿನದ ಸಂಬಳ ಹೋಯ್ತು. ಶಾಲೆಯಿಂದ ಆವತ್ತು ಕರ್ಕೊಂಡು ಹೋಗೋರು ಯಾರೂ ಸಿಗಲಿಲ್ಲ. ಹಿಂದಿನ ದಿನ ಸಂಜೆ ಅವಳು ನನ್ನ ಹತ್ರ ಬಂದು, "ನೀನು ಬರ್ತೀಯೇನೇ? ನಿಮ್ಮಮ್ಮನ್ನ ಕೇಳ್ತೀಯಾ?" ಅಂದ್ಳು.

ನಾನು ಅಮ್ಮನ್ನ ಕೇಳಲೇ ಇಲ್ಲ. "ಬಿಡೇ ಮಾರಾಯ್ತಿ, ಮುಂದಿನ ವರ್ಷ ಹೋದ್ರಾಯ್ತು" ಅಂದುಬಿಟ್ಟೆ. ನನಗೆ ಮರುದಿನ ಬೇಗ ಏಳೋದು ಬೇಡವಾಗಿತ್ತು, ಅಷ್ಟೇ ಕಾರಣ.

ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಅವಳನ್ನ ಓಟಕ್ಕೆ ಬಿಡಲಿಲ್ಲ. ಆಮೇಲೆ ಅವಳೇ ಓಡ್ಲಿಲ್ಲ. ಈಗಲೂ ಸಿಕ್ತಾಳೆ, ನಗ್ತಾಳೆ, ಆ ವಿಷಯ ಎತ್ತೋದಿಲ್ಲ. ನಾನೂ ಎತ್ತಿಲ್ಲ. ಅವಳು ಹೋಗಿದ್ರೆ ಗೆಲ್ತಿದ್ಳು ಅಂತ ನಾನು ಹೇಳ್ತಿಲ್ಲ, ಅದು ಯಾರಿಗೂ ಗೊತ್ತಿಲ್ಲ. ಗೊತ್ತಾಗೋ ಅವಕಾಶವೇ ಹೋಯ್ತು ಅನ್ನೋದು ನನ್ನ ಸಂಕಟ.

ಅವಳಿಗೆ ಮೈಂಡ್‌ಸೆಟ್ ಇರಲಿಲ್ವಾ? ಬರಿಗಾಲಲ್ಲಿ, ಕೆಸರಲ್ಲಿ, ಅಳಿಸಿಹೋದ ಗೆರೆ ಮೇಲೆ ಓಡಿ ಫಸ್ಟ್ ಬಂದವಳಿಗೆ? ಇತ್ತು. ಇಲ್ಲದೇ ಇದ್ದಿದ್ದು ಬಸ್ಸಲ್ಲಿ ಪಕ್ಕದ ಸೀಟಲ್ಲಿ ಕೂರೋ ಒಬ್ಬರು. ವಿಶ್ವನಾಥ್‌ಗೆ ಪಟೌಡಿ ಇದ್ರು. ವೇದಾಗೆ ಕಡೂರಿನ ಮನೆಯವರಿದ್ರು. ನನ್ನ ಗೆಳತಿಗೆ ಆವತ್ತು ನಾನಿರಬೇಕಿತ್ತು.

ಈ ವರ್ಷದ ತಾಲ್ಲೂಕು ಕ್ರೀಡಾಕೂಟ ಹತ್ತಿರ ಬರ್ತಿದೆ. ನಿಮ್ಮ ಕ್ಲಾಸಲ್ಲಿ, ನಿಮ್ಮ ಕೇರಿಯಲ್ಲಿ ಓಡೋರು, ಎಸೆಯೋರು, ಕಬಡ್ಡಿ ಆಡೋರು ಇದ್ದೇ ಇರ್ತಾರೆ. ಅವರಿಗೆ ಮೋಟಿವೇಶನ್ ರೀಲ್ ಕಳಿಸೋ ಬದಲು "ಜಿಲ್ಲೆಗೆ ಹೋಗೋ ದಿನ ಜೊತೆಗೆ ಯಾರಿದ್ದಾರೆ?" ಅಂತ ಒಂದು ಮಾತು ಕೇಳಿ. ಯಾರೂ ಇಲ್ಲ ಅಂದ್ರೆ ಅಲಾರಂ ಇಟ್ಕೊಳ್ಳಿ.

ನಾನು ಈ ಏಳೂ ಪೋಸ್ಟನ್ನ ಮೊದಲು ಅವಳಿಗೇ ಕಳಿಸಿದ್ದೆ, ಹಾಕ್ಲಾ ಅಂತ ಕೇಳಿ. ಅರ್ಧ ದಿನ ಉತ್ತರ ಇಲ್ಲ. ರಾತ್ರಿ ಬಂತು: "ಹಾಕು. ನನ್ನ ತಂಗಿ ಈಗ ಎಂಟನೇ ಕ್ಲಾಸು. ನನಗಿಂತ ಜೋರು ಓಡ್ತಾಳೆ."

ಈ ಸಲ ಚಿಕ್ಕಮಗಳೂರಿಗೆ ಹೋಗೋದಾದ್ರೆ ನಾನು ರೆಡಿ.

#ಕೊಪ್ಪ #ಶೃಂಗೇರಿ #ನರಸಿಂಹರಾಜಪುರ #ಕಡೂರು #ನಮ್ಮೂರಇತಿಹಾಸ #ಜೊತೆಗೆಹೋಗೋಣ