ಗೌರಿಬಿದನೂರಿನ ನೆಲಕ್ಕೆ ಕಿವಿಗೊಟ್ಟವರು

ಒಂದು ದೇಶ "ನಾವು ಅಣುಬಾಂಬು ಸಿಡಿಸಿಲ್ಲ" ಎಂದರೆ ನೆರೆಯ ದೇಶ ನಂಬುವುದು ಹೇಗೆ? ಆಣೆ ಮಾಡಿಸುವಂತಿಲ್ಲ; ಒಳಹೊಕ್ಕು ನೋಡಲು ಯಾರೂ ಬಿಡುವುದಿಲ್ಲ. 1963ರ ಮಾಸ್ಕೋ ಒಪ್ಪಂದ ಗಾಳಿಯಲ್ಲಿ, ನೀರಿನಲ್ಲಿ, ಅಂತರಿಕ್ಷದಲ್ಲಿ ನಡೆಯುವ ಪರೀಕ್ಷೆಗಳನ್ನು ನಿಷೇಧಿಸಿತು. ನೆಲದಡಿಯ ಪರೀಕ್ಷೆ ಮಾತ್ರ ಹೊರಗುಳಿಯಿತು, ಏಕೆಂದರೆ ಸ್ಥಳ ತಪಾಸಣೆ ಎಷ್ಟು ಸಲ ಎಂಬುದರಲ್ಲಿ ಅಮೆರಿಕಕ್ಕೂ ರಷ್ಯಕ್ಕೂ ಹೊಂದಲಿಲ್ಲ.

ಇಂಥ ಹೊತ್ತಿನಲ್ಲಿ ನೆರವಿಗೆ ಬಂದ ಊರುಗಳಲ್ಲಿ ನಮ್ಮ ಕರ್ನಾಟಕದ ಗೌರಿಬಿದನೂರೂ ಒಂದು. ಆಂಧ್ರದ ಗಡಿಗೆ ತಾಗಿದ ಸೀಮೆ. ಕನ್ನಡ, ತೆಲುಗು ಎರಡೂ ಆಡುವ ಜನ, ನಿಮ್ಮ ಹಾಗೆಯೇ ಎರಡು ನಾಲಿಗೆಯವರು. 1965ರಲ್ಲಿ ನಮ್ಮ ಅಣುಶಕ್ತಿ ವಿಜ್ಞಾನಿಗಳು ಬ್ರಿಟನ್ನಿನ ಸಹಕಾರದಿಂದ ಅಲ್ಲಿ 20 ಭೂಕಂಪ ಮಾಪಕಗಳನ್ನು 'ಎಲ್' ಅಕ್ಷರದಂತೆ ಎರಡು ಸಾಲಾಗಿ ಹೂಳಿದರು. ಸ್ಕಾಟ್‌ಲೆಂಡ್, ಕೆನಡಾ, ಆಸ್ಟ್ರೇಲಿಯಗಳಲ್ಲೂ ಇದೇ ಮಾದರಿಯ ಸಾಲುಗಳಿವೆ.

ಝುವಾರಿನಗರದಲ್ಲಿ ಲಾರಿ ಹೋದರೂ, ದಾಬೋಳಿಗೆ ವಿಮಾನ ಇಳಿದರೂ ಅಡುಗೆಮನೆಯ ಪಾತ್ರೆ ನಡುಗುತ್ತದೆ. ನಡುಗಿಸಿದ್ದು ಯಾವುದೆಂದು ಪಾತ್ರೆ ಹೇಳಲಾರದು. ಮಾಪಕದ ಗತಿಯೂ ಅಷ್ಟೇ. ಗೆರೆಯನ್ನು ಓದುವವನಿಗೆ ಒಂದು ಸಿದ್ಧಾಂತ ಬೇಕು. ಸ್ಫೋಟ ನೆಲವನ್ನು ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳುತ್ತದೆ. ಭೂಕಂಪದಲ್ಲಿ ಬಂಡೆ ಜಾರುವುದರಿಂದ ಮೊದಲ ಅಲೆ ಕೆಲವು ಕಡೆ ತಳ್ಳುತ್ತದೆ, ಕೆಲವು ಕಡೆ ಎಳೆಯುತ್ತದೆ.

ತತ್ತ್ವಜ್ಞಾನಿ ಕಾರ್ಲ್ ಪಾಪರ್ ಕೇಳಿದ್ದು, ನಿನ್ನ ಮಾತು ಸುಳ್ಳೆಂದು ತೋರಿಸುವ ಸಾಕ್ಷ್ಯ ಯಾವುದೆಂದು ಮೊದಲೇ ಹೇಳುತ್ತೀಯಾ ಎಂದು. 1962ರಲ್ಲಿ ಥಾಮಸ್ ಕೂನ್, ಸಾಕ್ಷ್ಯವನ್ನು ನೋಡುವ ಕಣ್ಣೇ ಸಿದ್ಧಾಂತದಿಂದ ರೂಪುಗೊಂಡಿರುತ್ತದೆ ಎಂದ. ರಾಷ್ಟ್ರಗಳ ಸಂಬಂಧವನ್ನು ಅಭ್ಯಸಿಸುವವರು ಅಂದಿನಿಂದ ಇವರಿಬ್ಬರ ನಡುವೆ ಎಳೆದಾಡುತ್ತಿದ್ದಾರೆ. ಬ್ಯಾಂಕಿನಲ್ಲಿ ವೋಚರಿಗೂ ಲೆಡ್ಜರಿಗೂ ತಾಳೆ ನೋಡಿದ ನನಗೆ ಪಾಪರ್ ಹತ್ತಿರದವನು. ಆದರೆ ಪೋಖ್ರಾನ್ ಕೂನನ ಕಡೆಗೇ ವಾಲುತ್ತದೆ.

1998ರ ಮೇ 11ರ ಜಲಜನಕ ಬಾಂಬು ಸುಮಾರು 45 ಕಿಲೋಟನ್ ಎಂದು ನಮ್ಮವರು ಸಾರಿದರು. ವಿದೇಶಿ ಭೂಕಂಪಶಾಸ್ತ್ರಜ್ಞರ ಲೆಕ್ಕ ತೀರ ಕಡಿಮೆ ಬಂತು. ಜೊತೆಯಲ್ಲೇ ಸಿಡಿದ ಬಾಂಬುಗಳ ಅಲೆಗಳು ಒಂದನ್ನೊಂದು ಕುಗ್ಗಿಸಿವೆ ಎಂಬುದು ನಮ್ಮವರ ಉತ್ತರ. 2009ರಲ್ಲಿ, ಪೋಖ್ರಾನಿನಲ್ಲೇ ದುಡಿದಿದ್ದ ಕೆ. ಸಂತಾನಂ ಅವರೇ ಫಲ ನಿರೀಕ್ಷೆಗಿಂತ ಕಡಿಮೆಯಾಗಿತ್ತೆಂದರು. ಅಣುಶಕ್ತಿ ಇಲಾಖೆ ಒಪ್ಪಲಿಲ್ಲ.

ಮೇ 13ರಂದು ಸಿಡಿಸಿದೆವೆಂದ ಎರಡು ಸಣ್ಣ ಬಾಂಬುಗಳಂತೂ ಹೊರದೇಶದ ಮಾಪಕಗಳಿಗೆ ಕಾಣಲೇ ಇಲ್ಲ. ಮರುವರ್ಷ ಅಮೆರಿಕದ ಸೆನೆಟ್ ಸಮಗ್ರ ಪರೀಕ್ಷಾ ನಿಷೇಧ ಒಪ್ಪಂದವನ್ನು ತಳ್ಳಿಹಾಕಿದಾಗ, ಸಣ್ಣ ಸ್ಫೋಟ ಕಣ್ತಪ್ಪಬಹುದೆಂಬ ವಾದವೂ ಅಲ್ಲಿ ಕೇಳಿಬಂತು. ಭಾರತವಂತೂ ಆ ಒಪ್ಪಂದಕ್ಕೆ ಸಹಿಯನ್ನೇ ಹಾಕಿಲ್ಲ.